ಕರೆಂಟ್ ಹೋದಾಗ ಬರುತ್ತಿದ್ದ ಪಡೆ

ಅಪ್ಪ ಹಿರಿಯೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತ್ ಇಟ್ಟಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಆ ಗಾಜಿನ ಗೂಡಿನೊಳಗೆ ಕಾಲಿಡುವವರೇ ಇಲ್ಲವಾದರು. ಅದನ್ನು ಕೀಳಿಸಿ, ಮೂರು ಕಂಪ್ಯೂಟರ್ ತಂದು ಬ್ರೌಸಿಂಗ್ ಸೆಂಟರ್ ಮಾಡಿದರು. ಬಿ.ಎ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅಲ್ಲಿ ಕೂರಿಸಿದರು. ಪರೀಕ್ಷೆಯ ರಿಸಲ್ಟ್ ಬಂದ ದಿನ ನೂಕುನುಗ್ಗಲು; ಉಳಿದ ದಿನಗಳಲ್ಲಿ ನಾನು ಮತ್ತು ತಲೆಯ ಮೇಲೆ ತಿರುಗುವ ಫ್ಯಾನು.

ಕಂಪ್ಯೂಟರ್ ಕೆಟ್ಟರೆ ರಿಪೇರಿಗೆ ಹೊಸದುರ್ಗದಿಂದ ಬರುತ್ತಿದ್ದವನು ನನ್ನ ಸೋದರಮಾವನ ಮಗ. ಅಲ್ಲಿ ಕಂಪ್ಯೂಟರ್ ತರಬೇತಿ ಕೊಡುವ ಕಡೆ ಪಾಠ ಹೇಳುತ್ತಿದ್ದ. ನಾನು ತೊಟ್ಟಿಲಲ್ಲಿದ್ದಾಗಲೇ ಅವನಿಗೆ ನಾನು ಎಂದು ಎರಡೂ ಮನೆಯವರು ಅಂದುಕೊಂಡಿದ್ದರು. ನನಗೂ ಬೇಡವೆನಿಸಿರಲಿಲ್ಲ. ಅವನು ಬರುವ ದಿನ ಒಳ್ಳೆಯ ಚೂಡಿದಾರ ಹುಡುಕಿ ಹಾಕಿಕೊಳ್ಳುತ್ತಿದ್ದೆ.

“ಒಬ್ಳೇ ಕುಂತು ಬೇಜಾರಾಗಲ್ವೇನೇ? ತಗಾ, ಇದ್ನ ಆಡು,” ಎಂದು ಆ ಆಟ ತೋರಿಸಿದವನು ಅವನೇ. ಇಂಟರ್‌ನೆಟ್ಟಿನಲ್ಲಿ ಸಾವಿರಾರು ಜನ ಒಟ್ಟಿಗೆ ಆಡುವ ಆಕಾಶದ ಆಟ. ಪ್ರತಿಯೊಬ್ಬರಿಗೂ ಒಂದು ಗ್ರಹ. ಅಲ್ಲಿ ಗಣಿ ತೋಡಬೇಕು, ಲೋಹ ಕೂಡಿಡಬೇಕು, ಹಡಗು ಕಟ್ಟಬೇಕು. ಒಂದು ಗಣಿ ಮೇಲೇಳಲು ಒಂದು ಹಗಲು ಹಿಡಿಯುತ್ತಿತ್ತು. ನಾವು ಕಂಪ್ಯೂಟರ್ ಆರಿಸಿ ಮನೆಗೆ ಹೋದರೂ ಅಲ್ಲಿ ಕಾಲ ನಿಲ್ಲುತ್ತಿರಲಿಲ್ಲ. ನಾವಿಲ್ಲದ ಹೊತ್ತು ನೋಡಿ ಬಲವಿದ್ದವರು ಪಡೆ ಕಳಿಸಿ, ಕಟ್ಟಿದ ಹಡಗುಗಳನ್ನು ಒಡೆದು, ಕೂಡಿಟ್ಟಿದ್ದನ್ನು ಹೊತ್ತೊಯ್ಯುತ್ತಿದ್ದರು.

“ಅವಸರ ಮಾಡಬ್ಯಾಡ,” ಎಂದು ಅವನು ಹೇಳಿಕೊಟ್ಟ. “ಅಂಗಡಿ ಬಿಟ್ಟು ಏಳಾಕೆ ಮುಂಚೆ ಎಲ್ಲಾನೂ ಹಡಗಿಗೆ ತುಂಬಿ ದೂರ ಕಳ್ಸು. ಬೆಳಿಗ್ಗೆ ನೀನು ಬರೋ ಹೊತ್ಗೆ ಅವೂ ವಾಪಸ್ ಬರಂಗೆ ಲೆಕ್ಕ ಹಾಕು. ಹೊಡೆಯಾಕ್ ಬಂದೋನಿಗೆ ಬರೀ ಮಣ್ಣು ಸಿಗ್ಬೇಕು.”

ನನಗೆ ಅದು ಚೆನ್ನಾಗಿ ಒಗ್ಗಿತು. ಅವಸರ ಪಡಲು ನನಗೆ ಬೇರೆ ಕೆಲಸವೇನಿತ್ತು? ದೊಡ್ಡ ಗ್ರಹಕ್ಕೆ ನಮ್ಮ ಕಡೆಯ ಅಣೆಕಟ್ಟಿನ ಹೆಸರು, ಮಾರಿಕಣಿವೆ ಎಂದು ಇಟ್ಟೆ. ಮುಂದೆ ನೆಲೆಯೂರಿದ, ಯಾರದೂ ಅಲ್ಲದ ಎರಡು ಬೋಳು ಗ್ರಹಗಳಿಗೆ ಸುತ್ತಲ ಊರುಗಳ ಹೆಸರು, ಬಬ್ಬೂರು, ಯಲ್ಲದಕೆರೆ. ನಾನು ಯಾರ ಮೇಲೂ ಹೋಗಲಿಲ್ಲ. ಗಣಿ ಬೆಳೆಸಿದೆ, ಹಡಗು ಬಚ್ಚಿಟ್ಟೆ, ಬೈದು ಸಂದೇಶ ಕಳಿಸಿದವರಿಗೆ ಉತ್ತರ ಕೊಡಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಆಟಗಾರರ ಅಂಕಪಟ್ಟಿಯಲ್ಲಿ ಸೋದರಮಾವನ ಮಗನನ್ನೇ ದಾಟಿದ್ದೆ. ಹುಟ್ಟಿದ ಮೇಲೆ ನಾನು ದಾಟಿದ, ಗುರುತಿನ ಮೊದಲ ಗಂಡಸು. ಸಂಭ್ರಮದಿಂದ ಫೋನ್ ಮಾಡಿ ಹೇಳಿದೆ.

“ನಾನು ಅದ್ನ ಬಿಟ್ಟೇಬಿಟ್ಟೆ ಕಣೇ, ಬೇಜಾರಾತು,” ಎಂದ. ಸ್ವಲ್ಪ ದಿನಕ್ಕೆ ಅವನ ಹೆಸರು ಪಟ್ಟಿಯಿಂದ ಕಾಣೆಯಾಯಿತು.

ಆ ಬೇಸಿಗೆ ಹಿರಿಯೂರಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವವರಿರಲಿಲ್ಲ. ಹೋದರೆ ಎರಡು ಮೂರು ಗಂಟೆ. ಅಂಥ ಹೊತ್ತಿನಲ್ಲಿ ಅವನ ಫೋನ್ ಬರತೊಡಗಿತು. “ಕರೆಂಟ್ ಹೋತಾ? ಸೆಖೆಯಾಗೆ ಹೆಂಗ್ ಕುಂತಿದ್ದೀಯೇ?” ಎಂದು ಕೇಳುತ್ತಿದ್ದ. ಹೋಗೈತೆ ಎಂದರೆ ಪಾಪ ಎನ್ನುತ್ತಿದ್ದ. ಫೋನಿಟ್ಟ ಮೇಲೆ ಕತ್ತಲ ಅಂಗಡಿಯಲ್ಲಿ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಾ ನಾನು ಒಬ್ಬಳೇ ನಗುತ್ತಿದ್ದೆ.

ಕರೆಂಟ್ ಬಂದು ತೆರೆ ಹೊತ್ತಿಕೊಂಡಾಗ ಲೂಟಿಯ ವರದಿ ಕಾದಿರುತ್ತಿತ್ತು. ಹಡಗುಗಳೆಲ್ಲ ಪುಡಿ, ಕಣಜ ಖಾಲಿ. ಲೂಟಿ ಮಾಡಿದವನು ನಾನು ಎಂದೂ ಮಾತಾಡಿಸದ ಯಾವನೋ ಒಬ್ಬ, ಪ್ರತಿ ಸಲವೂ ಅದೇ ಹೆಸರು. ನಾಲ್ಕು ತಿಂಗಳ ತಾಳ್ಮೆ ಒಂದು ಮಧ್ಯಾಹ್ನಕ್ಕೆ ಹೋದ ದಿನ ಮನೆಗೆ ಬಂದು ಅನ್ನ ಮುಟ್ಟಲಿಲ್ಲ. ಅಮ್ಮ ಏನಾತೇ ಎಂದರೆ ತಲೆನೋವು ಎಂದೆ. ಮರುದಿನ ಮತ್ತೆ ಮೊದಲ ಗಣಿಯಿಂದ ಶುರು ಮಾಡಿದೆ.

ಗಿರಾಕಿಗಳು ಅರ್ಧಕ್ಕೇ ಎದ್ದು ಹೋಗುವುದನ್ನು ನೋಡಲಾರದೆ ಅಪ್ಪ ಅಂಗಡಿಗೆ ಯುಪಿಎಸ್ ಹಾಕಿಸಿದರು. ಅದೇ ವಾರ ಒಂದು ದಿನ ಕರೆಂಟ್ ಹೋಯಿತು. ತೆರೆ ಮಾತ್ರ ಉರಿಯುತ್ತಲೇ ಇತ್ತು. ಅವನ ಫೋನ್ ಬಂತು. “ಹೋತಾ?” “ಹೂಂ ಭಾವ, ಹೋತು.” ಫೋನಿಟ್ಟು ತಿರುಗುವಷ್ಟರಲ್ಲಿ ತೆರೆಯ ಮೇಲೆ ಕೆಂಪು ಸಾಲು ಮಿನುಗಿತು: ಮಾರಿಕಣಿವೆಯ ಕಡೆಗೆ ಶತ್ರು ಪಡೆ ಹೊರಟಿದೆ.

ಕೈ ತಾನಾಗಿ ಕೆಲಸ ಮಾಡಿತು. ಎಲ್ಲವನ್ನೂ ತುಂಬಿ ದೂರ ಕಳಿಸಿದೆ. ಇದು ಅವನೇ ಎಂದು ಮನಸ್ಸು ಮಾತ್ರ ಒಪ್ಪಲಿಲ್ಲ. ಮರುದಿನ ಅವನು ಕೇಳಿದಾಗ, ಕರೆಂಟ್ ಇದ್ದು ಫ್ಯಾನು ತಿರುಗುತ್ತಿದ್ದರೂ, ಹೋಗೈತೆ ಎಂದೆ. ಕೆಂಪು ಸಾಲು ಬಂತು.

ಸ್ವಲ್ಪ ದಿನಕ್ಕೆ ಮಾವನ ಮನೆಯವರು ಮದುವೆಯ ಮಾತಿಗೆ ಬಂದರು. ನಾನು ಅವನನ್ನು ಹಿತ್ತಲಿಗೆ ಕರೆದೆ.

“ಕರೆಂಟ್ ಹೋತಾ ಅಂತ ಕೇಳ್ತಿದ್ದಿದ್ದು ಅದಕ್ಕೇನಾ ಭಾವ?”

ಅವನು ನಕ್ಕ. “ಗೊತ್ತಾತಾ? ಆಟ ಕಣೇ ಅದು.”

“ಬಿಟ್ಟೆ ಅಂದಿದ್ದೆ. ಹೆಸರು ಬದಲಾಯ್ಸಿಕೊಂಡು ನನ್ ಮೇಲೇ ಬಂದ್ಯಲ್ಲ?”

“ಹೇಳ್ಕೊಟ್ಟೋನು ನಾನು. ನನ್ನೇ ದಾಟಿ ಹೋದ್ರೆ? ನಮ್ ಹುಡುಗ್ರು ಪಟ್ಟಿ ನೋಡಿ ನಗ್ತಿದ್ರು, ಗೊತ್ತಾ?” ಈಗ ಅವನ ಮುಖದಲ್ಲಿ ನಗು ಇರಲಿಲ್ಲ. ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, “ಮದ್ವೆ ಆದ್ಮೇಲೆ ಹೆಂಗೂ ನೀನು ಆಡಲ್ಲ. ಬಿಡತ್ಲಾಗೆ,” ಎಂದ.

ಒಳಗೆ ಹೋಗಿ ಮಾವನ ಮುಂದೆ ನಿಂತು, ನಂಗೆ ಈ ಮದ್ವೆ ಬ್ಯಾಡ ಎಂದೆ. ಯಾಕೆ ಎಂದು ಎಲ್ಲರೂ ಕೇಳಿದರು. ಏನಂತ ಹೇಳಲಿ? ಗ್ರಹ, ಪಡೆ, ಲೂಟಿ ಎಂದು ತೊದಲಿದೆ. ಮಾವ ಗಾಬರಿಯಾಗಿ ಅಮ್ಮನ ಕಡೆ ತಿರುಗಿ, “ಗ್ರಹ ಸರಿ ಇಲ್ಲಂತಾಳೇನವ್ವ? ಜಾತಕ ಎಲ್ಡು ಕಡೆ ತೋರ್ಸೀವಲ್ಲ!” ಎಂದರು. ಅದು ಯಾವ ಗ್ರಹವೆಂದು ಗೊತ್ತಿದ್ದವನು ಅವನೊಬ್ಬನೇ. ಒಂದು ಮಾತು ಆಡಲಿಲ್ಲ. ಫೋನಿನಲ್ಲಿ ಅಷ್ಟು ಕಾಳಜಿ ಮಾಡುತ್ತಿದ್ದ ಬಾಯಿ. ಎಲೆ ಹಾಕಿದ್ದರೂ ಅವರು ಊಟ ಮಾಡದೆ ಎದ್ದು ಹೋದರು. ಆ ರಾತ್ರಿ ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ; ಅವಳಿಗೆ ಕೇಳಿಸಿದ್ದು ಆಟ ಎಂಬ ಮಾತೊಂದೇ.

ಆಮೇಲೂ ಅವನು ಪಡೆ ಕಳಿಸುತ್ತಲೇ ಇದ್ದ, ಈಗ ಫೋನಿಲ್ಲದೆ, ಸಿಟ್ಟಿನಿಂದ. ನಾನು ಸರಿದುಕೊಳ್ಳುತ್ತಲೇ ಇದ್ದೆ. ಅವನಿಗೆ ಬರೀ ಮಣ್ಣು ಸಿಕ್ಕಿತು. ಕೊನೆಗೆ ಅವನೇ ಬೇಸತ್ತು ನಿಜವಾಗಿಯೂ ಬಿಟ್ಟ. ನಾನು ಇನ್ನೂ ಮೇಲೆ ಹೋದೆ, ಆದರೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಡೆಸುವವರು ಒಂದು ದಿನ ಆ ಆಕಾಶವನ್ನೇ ಮುಚ್ಚಿದರು. ಅಪ್ಪನ ಅಂಗಡಿಯೂ ಮುಚ್ಚಿತು. ನನ್ನನ್ನು ಹೊಳಲ್ಕೆರೆಗೆ ಕೊಟ್ಟರು; ಗಂಡನಿಗೆ ಇದನ್ನೆಲ್ಲ ಹೇಳಿಲ್ಲ.

ಮದುವೆಯ ಮಾತು ಮುರಿದ ಮೇಲೆ ಅಮ್ಮ ತನ್ನ ತವರಿನ ಹೊಸಿಲು ಮತ್ತೆ ತುಳಿದದ್ದು ಸೋದರಮಾವ ತೀರಿಕೊಂಡ ದಿನ. ಸುದ್ದಿ ಕೇಳಿ ಹೊಳಲ್ಕೆರೆಯಿಂದ ಬಂದಿದ್ದ ನಾನೂ ಬರುತ್ತೇನೆ ಎಂದು ಸೀರೆ ಉಟ್ಟು ನಿಂತಿದ್ದೆ. “ನೀನು ಬರಬ್ಯಾಡ,” ಎಂದಳು. “ಒಂದ್ ಆಟಕ್ಕೆ ನಮ್ಮಣ್ಣನ್ನ ದೂರ ಮಾಡ್ದೋಳು ನೀನು.” ಆಟಕ್ಕಲ್ಲಮ್ಮ ಎಂದು ಹೇಳಲು ಬಾಯಿ ತೆರೆದೆ. ಅವಳು ಆಗಲೇ ಆಟೋ ಹತ್ತಿದ್ದಳು.