ಹಂಡೆಯ ಒಲೆಗೆ ಹೋದ ಕಾಡೆಲೆ

ಬಮ್ಮಿಗಟ್ಟಿಗೆ ಬಂದ ಮೊದಲ ಸಂಜೆ ಹೊತ್ತು ಮುಳುಗಿದ್ದು ನನಗೆ ಕಾಣಲೇ ಇಲ್ಲ. ಮರಗಳು ಅಡ್ಡ ನಿಂತಿದ್ದವು. ನಮ್ಮ ಯಮನೂರಿನಲ್ಲಿ ದೂರದ ಧೂಳು ನೋಡಿಯೇ ಬಸ್ಸು ಬಂತೆಂದು ಚೀಲ ಹೆಗಲಿಗೇರಿಸುತ್ತೇವೆ. ಇಲ್ಲಿ ಬಸ್ಸು ಮೈಮೇಲೆ ಬಂದಾಗಲೇ ಕಾಣುವುದು.

ಮಗಳಿಗೆ ಇಲ್ಲಿನ ಶಾಲೆಗೆ ವರ್ಗವಾಯಿತು, ಜೊತೆಗೆ ನಾನೂ ಬಂದೆ. ಮೊಮ್ಮಗಳು ಶೈಲಾ ಕಾಡಿನ ಓದು ಓದುತ್ತಾಳೆ. ಊರ ಹಿಂದೆ ಎರಡು ಕಾಡಿವೆ. ಒಂದು ನೆಟ್ಟ ಸಾಗವಾನಿ, ಕೂರಿಗೆ ಹಿಡಿದು ಬಿತ್ತಿದಂತೆ ಸಾಲು. ಇನ್ನೊಂದು ತಾನೇ ಬೆಳೆದದ್ದು: ಮತ್ತಿ, ಹೊನ್ನೆ, ನೇರಳೆ, ಬಳ್ಳಿ, ಮುಳ್ಳು. ನನಗೆ ಮೊದಲು ಸಾಗವಾನಿಯೇ ಸೇರಿತು. ಇನ್ನೊಂದು ಕಸ ಕೀಳದ ಸೋಮಾರಿಯ ಹೊಲದಂತಿತ್ತು.

ಗಾಳಿಯ ಇಂಗಾಲವನ್ನು ಮರ ಎಳೆದುಕೊಂಡು ಕಾಂಡ, ಬೇರು, ಎಲೆಯಲ್ಲಿ ಇಟ್ಟುಕೊಳ್ಳುತ್ತದಂತೆ. ಉದುರಿದ ಎಲೆ ಕೊಳೆತು ಮಣ್ಣಿಗೂ ಕೊಡುತ್ತದಂತೆ. ಶೈಲಾ ಎರಡೂ ಕಾಡಿನ ಉದುರೆಲೆ ತಂದು, ಒಣಗಿಸಿ ತೂಗುತ್ತಿದ್ದಳು. ಊರ ಅರಣ್ಯ ಸಮಿತಿಯವರು ತಾನೇ ಬೆಳೆದ ಕಾಡನ್ನು ಕಡಿದು ಅಲ್ಲೂ ಸಾಗವಾನಿ ನೆಡಬೇಕೆಂದಿದ್ದರು. ಸೋಮವಾರ ಸಭೆ. ಬೇಡ ಎನ್ನಲು ಅವಳ ಕೈಯಲ್ಲಿದ್ದದ್ದು ಆ ಎಲೆಯ ಚೀಲಗಳೇ.

ನಾನು ಎರೆಸೀಮೆಯವಳು, ಮರವಿಲ್ಲದ ಕರಿಮಣ್ಣಿನ ಬಯಲಿನವಳು. ನಮ್ಮಲ್ಲಿ ಉರಿಸಲು ಹತ್ತಿಕಟ್ಟಿಗೆ, ಕುಳ್ಳು ಬಿಟ್ಟರೆ ಏನಿದೆ? ಗರಿಗರಿ ಒಣಗಿದ ಎಲೆ ಎರಡು ಚೀಲ ಕಂಡರೆ ಬಿಡುತ್ತೇನೆಯೇ?

"ಆಯಿ, ಚೀಲದಾಗಿನ ಎಲಿ ಎಲ್ಲಿ?"

"ಈಗ ನೀ ಜಳಕಾ ಮಾಡಿದ್ಯಲ್ಲ, ನೀರು ತಾವ ಕಾದವು ಅಂತ ತಿಳದಿಯೇನು?"

ಹುಡುಗಿ ಅಲ್ಲೇ ಕುಕ್ಕರಿಸಿ ಅತ್ತಳು. "ಇನ್ನೂ ತೂಗಿದ್ದಿಲ್ಲ, ತಿಂಗಳ ತೂಕ ಎಲ್ಲಾ ಹೋತು, ಆಯಿ!"

"ತೂಕ ಹೋದ್ರ ಅಡವಿ ಹೋತೇನು? ಏಳಲೇ, ಮತ್ತ ಆರಸೂಣು ನಡಿ."

ಅವಳು ಎರಡೂ ಕಡೆ ಹಗ್ಗದಿಂದ ಒಂದೇ ಅಳತೆಯ ಚೌಕ ಹಾಕಿದಳು. ಹತ್ತಿ ಬಿಡಿಸಿದ ಬೆರಳು ನನ್ನವು. ಎರಡು ದಿನ ಆರಿಸಿ, ಬಗೆಬಗೆಯ ಎಲೆ ಬೇರೆಬೇರೆ ಗುಡ್ಡೆ ಹಾಕಿದೆ. ಸಾಗವಾನಿಯ ಚೌಕದಲ್ಲಿ ಮೂರು ಗುಡ್ಡೆ. ಇನ್ನೊಂದರಲ್ಲಿ ಹತ್ತೊಂಬತ್ತು. ಅದರ ಕೆಳಗಿನ ಮಣ್ಣು ಕಪ್ಪಗೆ, ಮೆತ್ತಗೆ. ಮಣ್ಣಿನ ವಿಷಯ ನನಗೆ ಯಾರೂ ಕಲಿಸಬೇಕಾಗಿಲ್ಲ.

ಸಭೆಯಲ್ಲಿ ನವಲಗುಂದದ ಜಮಖಾನೆ ಹಾಸಿ ಗುಡ್ಡೆಗಳನ್ನಿಟ್ಟೆ. ಸಮಿತಿಯ ಹಿರಿಯ ನಿಂಗಪ್ಪ ನಕ್ಕ.

"ಯವ್ವಾ, ಎರಿ ಹೊಲದಾಕಿಗೆ ಅಡವಿ ಏನ್ ತಿಳೀತದ? ಸಾಗವಾನಿನೂ ಇಂಗಾಲ ಹಿಡೀತದ."

"ಹಿಡೀತದ್ರಿ ಕಾಕಾ," ಅಂದಳು ಶೈಲಾ. "ಆದ್ರ ಅದನ್ನ ಹಚ್ಚಾಕ ಹಳೇ ಮರ ಕಡದ್ರ, ಅವು ಇಷ್ಟ ವರ್ಷ ಹಿಡದಿದ್ದು ಹೋತಲ್ರಿ."

ನಾನು ಸುಮ್ಮನಿರುವವಳಲ್ಲ. "ನಿಂಗಪ್ಪಾ, ಜ್ವಾಳದ ನಡುವ ಕುಸುಬಿ, ಕಡ್ಲಿ ಅಕ್ಕಡಿ ಸಾಲು ಯಾಕ ಹಾಕ್ತೀವಿ? ಒಂದಕ್ಕ ಹುಳ ಬಿದ್ರ ಇನ್ನೊಂದು ಹೊಟ್ಟಿ ಕಾಯ್ತದ. ನಿಮ್ಮಪ್ಪಗ ಇದ್ದ ಬುದ್ಧಿ ನಿನಗಿಲ್ಲೇನು?"

ಸಭೆಯೆಲ್ಲ ನಕ್ಕಿತು. ನಿಂಗಪ್ಪ ನಗಲಿಲ್ಲ, ಬಗ್ಗಿ ಒಂದೊಂದೇ ಗುಡ್ಡೆ ಮುಟ್ಟಿ ನೋಡಿದ. ಕೊನೆಗೆ ಸಮಿತಿಯವರು ಹೊಸ ಸಾಗವಾನಿಯನ್ನು ಊರಾಚೆಯ ಬೋಳು ಗುಡ್ಡದಲ್ಲಿ ನೆಡಲು ಒಪ್ಪಿದರು, ಕಾಡು ಉಳಿಯಿತು. ನಾನು ಓದಿದ್ದು ಮೂರನೇ ಇಯತ್ತೆ. ಹೆಮ್ಮೆ ಪಡುತ್ತೇನೆ, ಯಾರು ಏನಾದರೂ ಅನ್ನಲಿ.

ಈಗ ತಿಂಗಳಿಗೊಮ್ಮೆ ಎಲೆ ಆರಿಸಲು ನಾನೇ ಮುಂದೆ. ಇಲ್ಲಿನವರು ಯಮನೂರಾಯಿ ಎನ್ನುತ್ತಾರೆ. ಕಡಲೆ ಕೀಳಲು ಊರಿಗೆ ಬಂದಾಗ ಯಮನೂರಿನವರಾದ ನೀವೇ "ಬಮ್ಮಿಗಟ್ಟಿಯಾಕಿ ಬಂದ್ಲು" ಅಂದಿರಿ. ಎರಡಕ್ಕೂ ಓ ಅಂದೆ. ಆದರೆ ಎಲೆ ಆರಿಸುವ ದಿನ ಬಂತೆಂದು ಎರಡು ಸಾಲು ಕಡಲೆ ಹಾಗೇ ಬಿಟ್ಟು ಹೊರಟೆ. ಹುಟ್ಟಿದಂದಿನಿಂದ ಅಂದಿನವರೆಗೆ ಸಾಲು ಅರ್ಧಕ್ಕೆ ಬಿಟ್ಟವಳಲ್ಲ ನಾನು.