ಒಂದು ನಿಮಿಷ ನಿಲ್ಲುತ್ತಿದ್ದ ಗಾಡಿ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ನೇರಳೆ ಬಣ್ಣದ್ದು. ಟಿಕೆಟ್ಟಿನ ಮೇಲೆ ತಾರೀಖಿನ ಠಸ್ಸೆ ಒತ್ತಿ ಒತ್ತಿ ಮಸಿ ಉಗುರಿನ ಸಂದಿಗೆ ಇಳಿದು ಅಲ್ಲೇ ಮನೆ ಮಾಡಿತ್ತು. ಸೀಗೆಕಾಯಿ, ಸೀಮೆಎಣ್ಣೆ, ನಿಂಬೆಹೋಳು ಏನು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ. ಆ ಕೈಯಿಂದಲೇ ರೊಟ್ಟಿ ಮುರಿಯುತ್ತಿದ್ದರು, ಆ ಕೈಯಿಂದಲೇ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಚುನಾವಣೆ ಬಂದಾಗ ಮಾತ್ರ ಊರವರು ಚೇಷ್ಟೆ ಮಾಡುತ್ತಿದ್ದರು: "ಕಾಕಾ, ನಿಮ್ಮ ಓಟು ಆಗಲೇ ಬಿದ್ದೈತಿ, ಮನೀಗೆ ಹೋಗ್ರಿ."

ಊರಿಗೆಲ್ಲ ಅವರು ಟಿಕೀಟ ಕಾಕಾ. ನಮ್ಮೂರು ರೋಣ ತಾಲೂಕಿನ ಮೆಣಸಗಿ ಕಡೆಯದು. ಗದಗದಿಂದ ಬಾಗಲಕೋಟೆಗೆ ಹೋಗುವ ಹಳಿಯ ಪಕ್ಕ, ಮಲ್ಲಾಪುರ ದಾಟಿ ಹೊಳೆಆಲೂರು ಬರುವುದರೊಳಗೆ, ಒಂದು ಕೋಣೆ, ಒಂದು ಬೇವಿನ ಮರ, ಒಂದು ಹಳದಿ ಬೋರ್ಡು. ಇಷ್ಟೇ ನಮ್ಮ ಹಾಲ್ಟು. ಅಲ್ಲಿ ಸ್ಟೇಷನ್ ಮಾಸ್ತರರಿರಲಿಲ್ಲ, ಸಿಗ್ನಲ್ ಇರಲಿಲ್ಲ. ಊರಿನವರೇ ಒಬ್ಬರು ಏಜೆಂಟರಾಗಿ ದೊಡ್ಡ ಸ್ಟೇಷನ್ನಿನಿಂದ ಟಿಕೆಟ್ಟು ತಂದು ಮಾರಬೇಕು. ಆ ಕೆಲಸ ಮೊದಲು ಕಾಕಾನ ತಂದೆಯದು, ಆಮೇಲೆ ಕಾಕಾನದು. ಪ್ಯಾಸೆಂಜರ್ ಗಾಡಿ ಬೆಳಿಗ್ಗೆ ಗದಗಿನ ಕಡೆಗೆ ಒಂದು ಸಲ, ಸಂಜೆ ಬಾಗಲಕೋಟೆಯ ಕಡೆಗೆ ಒಂದು ಸಲ ನಿಲ್ಲುತ್ತಿತ್ತು, ಅದೂ ಒಂದೇ ನಿಮಿಷ.

ಆ ಒಂದು ನಿಮಿಷಕ್ಕೆ ಅವರು ಅರ್ಧ ಗಂಟೆಯ ಏರ್ಪಾಡು ಮಾಡುತ್ತಿದ್ದರು. ಮಣ್ಣಿನ ಕಟ್ಟೆ ಎರಡು ಬೋಗಿಗೆ ಸಾಲುವಷ್ಟೇ ಇತ್ತು. ಹಾಗಾಗಿ ಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಮುದುಕರು ಇಲ್ಲಿ, ಬಾಣಂತಿಯರು ಇಲ್ಲಿ, ಉಳ್ಳಾಗಡ್ಡಿ ಚೀಲದವರು ಹಿಂದೆ ಎಂದು ಎಲ್ಲರನ್ನೂ ನಿಲ್ಲಿಸುತ್ತಿದ್ದರು. ಯಾರಾದರೂ ಗೆರೆ ದಾಟಿದರೆ, "ಒಂದ ಮಿನಿಟ ಅಂದ್ರ ಅರವತ್ತ ಸೆಕೆಂಡ್ ರೀ, ಮದವಿ ಮುಹೂರ್ತ ಅಲ್ಲ ಎಳಿಯಾಕ" ಎಂದು ಗದರುತ್ತಿದ್ದರು. ಗೌಡರಿಗೂ ಅದೇ ಮಾತು, ಕೂಲಿಗೆ ಹೋಗುವವರಿಗೂ ಅದೇ.

ಗಾಡಿ ತಡವಾದ ದಿನ ಆ ಹಳಿಯ ಕತೆ ಶುರುವಾಗುತ್ತಿತ್ತು. ದೊಡ್ಡ ಬರಗಾಲದಲ್ಲಿ ಕೂಳಿಗಾಗಿ ಬಂದ ಮಂದಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದ ದಾರಿ ಅದು, ಅವರಲ್ಲಿ ತಮ್ಮ ಮುತ್ತಜ್ಜನೂ ಇದ್ದ ಎಂದು ಹೇಳುತ್ತಿದ್ದರು. ಮುಂದೆ ಅದೇ ಹಳಿಯ ಮೇಲೆ ಗದಗಿನ ಹತ್ತಿ ಹೋಯಿತು. ಸಣ್ಣ ಹಳಿ ಕಿತ್ತು ದೊಡ್ಡದನ್ನು ಹಾಕಿದ್ದನ್ನು ಕಾಕಾ ಕಣ್ಣಾರೆ ಕಂಡಿದ್ದರು. ಗದಗ, ಹೊಂಬಳ, ಬಳಗಾನೂರ, ಮಲ್ಲಾಪುರ, ಆಮೇಲೆ ನಾವು, ಹೊಳೆಆಲೂರ, ಮಲಪ್ರಭೆಯ ಸೇತುವೆ, ಬಾದಾಮಿ ಎಂದು ಒಂದೇ ಉಸಿರಿನಲ್ಲಿ ಹೇಳುವಾಗ 'ನಾವು' ಎನ್ನುವ ಕಡೆ ಮಾತ್ರ ಸ್ವಲ್ಪ ನಿಲ್ಲುತ್ತಿದ್ದರು. "ರೋಣಕ್ಕ ಗಾಡಿ ಇಲ್ಲ, ನರಗುಂದಕ್ಕ ಇಲ್ಲ, ಗಜೇಂದ್ರಗಡದಾಗ ಅಷ್ಟ ಸೀರಿ ನೇಯ್ತಾರ, ಅಲ್ಲೂ ಇಲ್ಲ. ನಮಗ ಐತಿ ನೋಡು" ಎನ್ನುವಾಗ ಆ ಹಳಿ ಅವರ ಹೊಲದ ಬದುವಿನಲ್ಲೇ ಹಾದಂತೆ ಕೇಳುತ್ತಿತ್ತು.

ನಾನು ಪಿಯುಸಿ ಮುಗಿಸಿ ಗದಗಿನಲ್ಲಿ ಬಿ.ಎಸ್ಸಿ. ಓದುತ್ತೇನೆ ಎಂದಾಗ ಅಪ್ಪ ಒಪ್ಪಲಿಲ್ಲ. ಬಸ್ಸು ನಂಬುವಂತಿರಲಿಲ್ಲ. ಬೆಣ್ಣೆಹಳ್ಳ ತುಂಬಿ ಬಂದರೆ ರಸ್ತೆಯೇ ಬಂದ್. ಹೆಣ್ಣುಮಗಳನ್ನು ಪರವೂರಲ್ಲಿ ಇಡುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಮೂರು ದಿನ ನಾನು ಅನ್ನ ಬಿಟ್ಟು ಅತ್ತೆ. ನಾಲ್ಕನೆಯ ದಿನ ಕಾಕಾ ತಾವಾಗಿ ಮನೆಗೆ ಬಂದರು, ಜಗಲಿಯ ಮೇಲೆ ಕೂತರು, ಚಹಾ ಕುಡಿದರು, ಎದ್ದು ಹೊರಡುವಾಗ ಅಪ್ಪನಿಗೆ ಹೇಳಿದರು: "ಬೆಳಿಗ್ಗಿ ನಾ ಹತ್ತಸ್ತೀನಿ. ಸಂಜಿಗೆ ನಾನ ಇಳಸ್ಕೋತೀನಿ. ನನ್ನ ಮೊಮ್ಮಗಳೂ ಅದ ಗಾಡಿಗೆ ಹೋಗ್ತಾಳ. ನಾ ಇರೋತನಕ ನಿನ್ನ ಮಗಳ ಸಾಲಿ ನನ್ನ ಜವಾಬ್ದಾರಿ."

ಅಪ್ಪ ಆ ಮಾತಿಗೆ ಒಪ್ಪಿದ. ನಾನು ಆ ಮಾತನ್ನು ಹಿಡಿದುಕೊಂಡೇ ಒಂದೂವರೆ ವರ್ಷ ಓಡಾಡಿದೆ.

ಟೈಮ್‌ಟೇಬಲ್ ಓದುವುದನ್ನು ಕಲಿಸಿದವರು ಅವರು. ಜನರ ಗದ್ದಲದಲ್ಲಿ ಚೀಲವನ್ನು ಎದೆಗೆ ಒತ್ತಿಕೊಂಡು ನಡೆಯುವುದನ್ನು, ಕೆಣಕಿದವನ ಹೆಸರನ್ನು ಜೋರು ದನಿಯಲ್ಲಿ ಕೇಳುವುದನ್ನು ಕಲಿಸಿದವರೂ ಅವರೇ. ಒಂದು ಸಂಜೆ ಮೊಮ್ಮಗಳಿಗೆ ಜ್ವರ ಬಂದು ನಾನೊಬ್ಬಳೇ ಇದ್ದೆ. ಪ್ರಯೋಗಶಾಲೆಯಲ್ಲಿ ಮಧ್ಯಾಹ್ನವೆಲ್ಲ ನಿಂತ ದಣಿವಿಗೆ ಕಿಟಕಿಗೆ ಒರಗಿ ನಿದ್ದೆ ಹೋದೆ. ಎಚ್ಚರವಾದಾಗ ಹೊಳೆಆಲೂರು ಬಂದಿತ್ತು. ಇಳಿದು ಅಳುತ್ತ ಕೂತೆ. ಸ್ವಲ್ಪ ಹೊತ್ತಿಗೆ ಕಾಕಾ ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದರು. ಬೈಯಲಿಲ್ಲ. "ನಿದ್ದಿ ಚಲೋ ಆತಿಲ್ಲೋ?" ಎಂದರು. ಹಿಂದೆ ಕೂರಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿಸಿದರು. "ಯಾಕ ತಡಾ ಆತು?" ಎಂದು ಅಪ್ಪ ಕೇಳಿದರೆ, "ಬಂದಾಳಲ್ಲ" ಎಂದಷ್ಟೇ ಹೇಳಿ ಸೈಕಲ್ ತಿರುಗಿಸಿದರು. ಬಾಯಿ ಮುಚ್ಚಿಕೊಂಡು ಇರಬಲ್ಲ ಮನುಷ್ಯ ಎಂದು ಆಗ ನನಗೆ ಅವರ ಮೇಲೆ ಎಷ್ಟು ಹೆಮ್ಮೆ!

ಎರಡನೆಯ ವರ್ಷ ದಸರೆಯ ಸೂಟಿ ಮುಗಿದ ಮೇಲೆ ಮೊಮ್ಮಗಳು ಗಾಡಿಗೆ ಬರಲಿಲ್ಲ. ಕಾಲೇಜಿನಲ್ಲಿ ಸಿಕ್ಕಳು. ಗದಗಿನಲ್ಲೇ ಹಾಸ್ಟೆಲಿಗೆ ಸೇರಿದ್ದೇನೆ ಎಂದಳು. ಇದ್ದಕ್ಕಿದ್ದಂತೆ ಯಾಕೆ ಎಂದು ಕೇಳಿದೆ. "ಅಜ್ಜ ಹೇಳಿದಾ. ಓದಾಕ ಅನುಕೂಲ ಆಗ್ತದ ಅಂತ" ಎಂದಳು. ನಾನೂ ಹೌದು ಅಂದುಕೊಂಡೆ. ಕಿಟಕಿಯ ಸೀಟು ಪೂರ್ತಿ ನನಗೇ ಸಿಕ್ಕಿತಲ್ಲ ಎಂದು ಖುಷಿಪಟ್ಟವಳು ನಾನು, ಪೆದ್ದಿ.

ಒಂದು ತಿಂಗಳಿಗೆ ಹಳಿ ಕೆಲಸದವನೊಬ್ಬ ಊರಿನಲ್ಲಿ ಸುದ್ದಿ ಹಬ್ಬಿಸಿದ. ನಾಳೆ ಬೆಳಗಿನ ಗಾಡಿಗೆ ಸಾಹೇಬರು ನಮ್ಮ ಹಾಲ್ಟು ನೋಡಲು ಬರುತ್ತಾರಂತೆ. ಊರಿಗೆ ಊರೇ ಎದ್ದು ನಿಂತಿತು. ಬಂದವರಿಗೆ ಮರ್ಯಾದೆ ಮಾಡಿದರೆ ಒಂದು ನೆರಳಿನ ತಗಡು, ಒಂದು ನೀರಿನ ಟಾಕಿ ಕೇಳಬಹುದು ಎಂದು ಹಿರಿಯರು ಲೆಕ್ಕ ಹಾಕಿದರು. ಬೆಳಿಗ್ಗೆ ನೋಡಿದರೆ ಹಾಲ್ಟಿನ ತುಂಬ ಮಂದಿ. ಗಂಡಸರು ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದರು, ಹೆಂಗಸರು ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ತೆಗೆದಿದ್ದರು. ಡೊಳ್ಳು ಬಂದಿತ್ತು, ಹೂಮಾಲೆ ಬಂದಿತ್ತು, ಬುಟ್ಟಿಯಲ್ಲಿ ಮಂಡಕ್ಕಿ ಮಿರ್ಚಿ ಬಂದಿತ್ತು. ದಿನಾ ಗದಗಿಗೆ ಹೋಗುವ ಹಾಲಿನವರು, ಉಳ್ಳಾಗಡ್ಡಿಯವರು, ದವಾಖಾನೆಯವರು ಎಲ್ಲರೂ ಅಲ್ಲೇ ಇದ್ದರು. ಆದರೆ ಆವತ್ತು ಹೋಗುವವರು ಯಾರೂ ಇರಲಿಲ್ಲ. ಮನೆಗೆ ಬೀಗರು ಬರುವ ಹೊತ್ತಿಗೆ ನಮ್ಮ ಕಡೆ ಯಾರೂ ಚೀಲ ಹಿಡಿದು ಊರು ಬಿಡುವುದಿಲ್ಲ. ಬಿಟ್ಟರೆ ಬಂದವರಿಗೆ ಅವಮಾನ.

ನನಗೆ ಮಾತ್ರ ಅಂದು ಪ್ರಾಕ್ಟಿಕಲ್ ಇತ್ತು. ಚೀಲ ಹೆಗಲಿಗೆ ಹಾಕಿಕೊಂಡೇ ಬಂದಿದ್ದೆ. ದೊಡ್ಡಪ್ಪ ನನ್ನ ಕೈಗೆ ಆರತಿಯ ತಟ್ಟೆ ಕೊಟ್ಟ. "ಈಗ ಊರಾಗ ಕಲಿತ ಹುಡುಗಿ ನೀನೊಬ್ಬಾಕಿ. ನೀನ ಬೆಳಗಬೇಕು. ಒಂದ ದಿನ ಸಾಲಿ ಬಿಟ್ರ ಏನಾಗ್ತದ?" ಎಂದ. ನಾನು ಕಾಕಾನ ಕಡೆ ನೋಡಿದೆ. ಕಿಟಕಿಯ ಹಿಂದೆ ಕೂತಿದ್ದರು. ಹೋಗಲೋ ಬೇಡವೋ ಎಂದು ಕಣ್ಣಲ್ಲೇ ಕೇಳಿದೆ. ನನ್ನನ್ನು ನೋಡಿದರು. ನೋಡಿ, ಠಸ್ಸೆಯನ್ನು ಮಸಿಗೆ ಒತ್ತುವ ನೆವ ಮಾಡಿ ತಲೆ ತಗ್ಗಿಸಿದರು.

ಗಾಡಿ ಬಂತು. ಇಬ್ಬರು ಸಾಹೇಬರು ಇಳಿದರು. ಡೊಳ್ಳು ಮೊಳಗಿತು, ಮಾಲೆ ಬಿತ್ತು, ನಾನು ಆರತಿ ಎತ್ತಿದೆ. ಕಾಕಾ ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಒಬ್ಬರೂ ನಿಂತಿರಲಿಲ್ಲ. ಒಂದು ನಿಮಿಷಕ್ಕೆ ಗಾಡಿ ಬಂದ ಹಾಗೆಯೇ ಹೊರಟಿತು. ಹತ್ತಿದವರು ಯಾರೂ ಇಲ್ಲ. ಕಿರಿಯ ಸಾಹೇಬ ಕೈಯಲ್ಲಿದ್ದ ಹಲಗೆಯ ಮೇಲಿನ ಕಾಗದಕ್ಕೆ ಏನೋ ಬರೆದ. ಮಿರ್ಚಿ ತಿಂದು, "ಭಾಳ ಚಲೋ ಮಂದಿ ರೀ ನೀವು" ಎಂದು ಹೇಳಿ ತಮ್ಮನ್ನು ಕರೆದೊಯ್ಯಲು ಬಂದಿದ್ದ ಜೀಪು ಹತ್ತಿದರು. ತಗಡು ಬಂದೇ ಬರುತ್ತದೆ ಎಂದು ದೊಡ್ಡಪ್ಪ ಊರೆಲ್ಲ ಸಾರಿದ.

ಬಂದಿದ್ದು ನೋಟೀಸು. ಮುಂದಿನ ತಿಂಗಳಿನಿಂದ ಈ ಹಾಲ್ಟಿನಲ್ಲಿ ಗಾಡಿ ನಿಲ್ಲುವುದಿಲ್ಲ, ಹತ್ತುವವರಿಲ್ಲ. ಅದನ್ನು ಗೋಡೆಗೆ ಹಚ್ಚುತ್ತಿದ್ದವರು ಕಾಕಾನೇ. ಗಂಜಿಯ ಡಬ್ಬಿ ಕಾಲ ಬಳಿ ಇತ್ತು. ಕಾಗದದ ನಾಲ್ಕೂ ಮೂಲೆಗಳನ್ನು ಅಂಗೈಯಿಂದ ಒತ್ತಿ ಒತ್ತಿ ಸಾಪು ಮಾಡುತ್ತಿದ್ದರು.

"ಅವತ್ತ ಸಾಹೇಬ್ರು ಹತ್ತೋ ಮಂದೀನ ಎಣಸಾಕ ಬಂದಿದ್ರಂತ ನಿಮಗ ಗೊತ್ತಿತ್ತೇನು?" ಎಂದು ಕೇಳಿದೆ.

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ? ಒಂದ ಮಾತು ಅಂದಿದ್ರ ಊರ ಮಂದೆಲ್ಲಾ ಗಾಡಿ ಹತ್ತತಿತ್ತು."

"ಯಾರಿಗೂ ಹೇಳಬ್ಯಾಡ ಅಂತ ರೇಲ್ವೆದವ್ರು ಕಾಗದ ಬರದಿದ್ರು. ಖರೇ ಲೆಕ್ಕ ಸಿಗಬೇಕು ಅಂತ ಬರದಿದ್ರು."

ಖರೇ ಲೆಕ್ಕ! ದಿನಾ ಮೂವತ್ತು ಮಂದಿ ಹತ್ತುವ ಹಾಲ್ಟಿನ ಖರೇ ಲೆಕ್ಕ ಸೊನ್ನೆ. ಅವರ ಆ ನಿಷ್ಠೆಯನ್ನು ಅಲ್ಲಿಗೇ ಬಿಟ್ಟಿದ್ದರೆ ನಾನು ಇಷ್ಟು ವರ್ಷದಲ್ಲಿ ಅರಗಿಸಿಕೊಳ್ಳುತ್ತಿದ್ದೆನೋ ಏನೋ. ಕೆಲವರು ಕಾಗದದಲ್ಲಿ ಬರೆದದ್ದನ್ನು ದೇವರ ಮಾತಿನಂತೆ ಪಾಲಿಸುತ್ತಾರೆ. ಆದರೆ ಅಷ್ಟರಲ್ಲಿ ನನಗೆ ದಸರೆಯ ಮೇಲಿನ ಹಾಸ್ಟೆಲು ನೆನಪಾಯಿತು.

"ನಿಮ್ಮ ಮೊಮ್ಮಗಳಿಗೆ ಹೇಳಿದ್ರಲ್ಲ?"

ಗಂಜಿಯ ಕೈ ಗೋಡೆಯ ಮೇಲೇ ನಿಂತಿತು. "ಅಕೀಗೆ ಹೇಳಿಲ್ಲ ತಂಗಿ" ಎಂದರು ನನ್ನ ಕಡೆ ತಿರುಗದೆ. "ಹಾಸ್ಟೇಲಿಗೆ ಹಾಕೀನಿ, ಅಷ್ಟ."

ನಾನು ಹಾಸ್ಟೆಲಿಗೆ ಹೋಗಿ ಕೇಳಿದೆ. ಸೀಟು ತುಂಬಿದ್ದವು. ಇದ್ದರೂ ಅಪ್ಪ ಕಳಿಸುತ್ತಿದ್ದನೋ ಇಲ್ಲವೋ, ಹೇಳಲಾರೆ. ಕಾಕಾ ಬಂದು ಜಗಲಿಯ ಮೇಲೆ ಕೂತು ಹೇಳಿದ್ದರೆ ಕಳಿಸುತ್ತಿದ್ದನೇನೋ. ಅವರು ಬರಲಿಲ್ಲ. ಬಸ್ಸಿನಲ್ಲಿ ಎರಡು ತಿಂಗಳು ಓಡಾಡಿದೆ. ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತಿತ್ತು. ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅಬ್ಬಿಗೇರಿಯಿಂದ ಗಂಡಿನವರು ನನ್ನನ್ನು ನೋಡಲು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಬೇಕು ಎಂದುಕೊಂಡಿದ್ದವಳು ನಾನು. ಮೂವತ್ತು ದಾಟಿದ ಮೇಲೆ ಮನೆಯಲ್ಲೇ ಓದಿ ಬಿ.ಎ. ಮಾಡಿಕೊಂಡೆ. ಗಂಡ ಪೇಢೆ ತಂದ. ನನಗೆ ಅಳು ಬಂತು. ಪ್ರಯೋಗಶಾಲೆಯನ್ನು ಮನೆಯಲ್ಲಿ ಕೂತು ಓದಲಾಗುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ನೋಟೀಸಿನಿಂದ ಅವರ ಅನ್ನವೂ ಹೋಯಿತು. ಊರವರ ತಪ್ಪೂ ಇತ್ತು. ಗಾರ್ಡು ಪರಿಚಯದವನೆಂದು ಅರ್ಧ ಮಂದಿ ಟಿಕೆಟ್ಟೇ ತೆಗೆಯುತ್ತಿರಲಿಲ್ಲ, ಕಾಕಾ ಕೂಗಿ ಕೂಗಿ ಸೋತಿದ್ದರು. ಇದೆಲ್ಲ ನನಗೆ ಗೊತ್ತು. ಆದರೂ ತವರಿಗೆ ಹೋದಾಗ ಅವರು ಎದುರಾದರೆ ನಾನು ಓಣಿ ಬದಲಿಸುತ್ತಿದ್ದೆ. ಅವರು ಕರೆಯುತ್ತಿರಲಿಲ್ಲ. ಈಗ ಅಲ್ಲಿ ಎರಡು ಹಳಿಗಳಾಗಿವೆ, ಕರೆಂಟಿನ ಗಾಡಿಗಳು ಬೋರ್ಡು ಇದ್ದ ಜಾಗವನ್ನು ಧೂಳೆಬ್ಬಿಸಿ ದಾಟುತ್ತವೆ.

ಹೋದ ವರ್ಷ ಅವರು ಹಾಸಿಗೆ ಹಿಡಿದರು. ಅವ್ವ ಫೋನಿನಲ್ಲಿ, "ನಿನ್ನ ನೆನಸ್ತಾರವಾ, ಬಂದ ಹೋಗು" ಎಂದಳು. ಒಂದು ಮಧ್ಯಾಹ್ನ ಹೋದೆ. ಮೊಮ್ಮಗಳೂ ಬಂದಿದ್ದಳು. ಅವಳು ಈಗ ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಕಾಕಾ ಒಂದು ಹಿಡಿಯಷ್ಟಾಗಿದ್ದರು. ನನ್ನ ಕೈ ಹಿಡಿದುಕೊಂಡರು. ಆಮೇಲೆ ತಡೆದು ತಡೆದು ಹೇಳಿದರು:

"ಹಾಸ್ಟೇಲಿನಾಗ ಎರಡ ಸೀಟ ಕೇಳಿದ್ದೆ ತಂಗಿ. ಒಂದ ಕೊಟ್ರು."

ನಾನು ಮೊಮ್ಮಗಳ ಕಡೆ ನೋಡಿದೆ. ಬಾಗಿಲಲ್ಲಿ ನಿಂತಿದ್ದವಳು ತಲೆ ತಗ್ಗಿಸಿದಳು. ನಾನು ಅವರಿಗೆ ಎರಡು ಚಮಚ ನೀರು ಕುಡಿಸಿದೆ. "ಆಗಲಿ ಬಿಡ್ರಿ ಕಾಕಾ" ಎಂದೆ. ಅವರ ಮುಖ ಹಗುರಾಯಿತು. ಹಾಗೇ ಕಣ್ಣು ಮುಚ್ಚಿ ನಿದ್ದೆ ಹೋದರು.

ಬಸ್ಸಿನ ತನಕ ಮೊಮ್ಮಗಳು ನನ್ನ ಜೊತೆ ಬಂದಳು. "ಅರ್ಜಿ ತುಂಬಿದಾಕಿ ನಾನ" ಎಂದಳು. "ಒಂದ ಇತ್ತು. ಅಜ್ಜ ಎರಡನೇದ್ದು ಕೇಳೇ ಇಲ್ಲ. ಈಗೀಗ ಎಲ್ಲಾರ ಮುಂದೂ ಹಿಂಗ ಅಂತಾನ. ಹಂಗಲ್ಲ ಅಂತ ಹೇಳಲೇನು ಅವಗ?"

"ಬ್ಯಾಡ" ಎಂದೆ. "ಕೇಳೀನಿ ಅಂತನ ನಂಬಿಕೊಂಡು ಹೋಗಲಿ."

ಒಬ್ಬಳೇ ಊರು ದಾಟುವುದನ್ನು ಕಲಿಸಿದ ಮನುಷ್ಯನಿಗೆ ನಾನು ತೀರಿಸಬಹುದಾಗಿದ್ದ ಋಣ ಅಷ್ಟೇ. ನಾಲ್ಕು ದಿನಕ್ಕೆ ಅವರು ನಂಬಿಕೊಂಡೇ ಹೋದರು. ಮಣ್ಣಿಗೆ ಹೋಗಿ ಬಂದೆ, ಒಂದು ಹಿಡಿ ಮಣ್ಣೂ ಹಾಕಿದೆ. ಸಿಟ್ಟು ಮಾತ್ರ ನನ್ನ ಜೊತೆಗೇ ಅಬ್ಬಿಗೇರಿಗೆ ವಾಪಸು ಬಂತು.