ಹೆಸರಿನ ಕೆಳಗಿನ ಗುಂಪು

ಆನ್‌ಲೈನ್ ಫೋರಮ್ಮಿಗೆ ಅಡ್ಮಿನ್ ಆಗುವುದೆಂದರೆ ಮದುವೆ ಮನೆಯಲ್ಲಿ ಪಂಕ್ತಿ ನೋಡಿಕೊಂಡ ಹಾಗೆ. ಯಾರನ್ನು ಎಲ್ಲಿ ಕೂರಿಸಿದರೂ ಬೈಗುಳ ತಪ್ಪಿದ್ದಲ್ಲ. ಅಕ್ಕ ಕೊಟ್ಟ ಕಿಡ್ನಿಯಿಂದ ಬದುಕಿಕೊಂಡ ನಾನು, ತುಮಕೂರಿನ ಶಿರಾ ಗೇಟಿನ ಮನೆಯಲ್ಲಿ ಸುಮ್ಮನೆ ಕೂರಲಾರದೆ, ಕಿಡ್ನಿ ಕಾಯಿಲೆಯವರಿಗೆಂದು ಒಂದು ಫೋರಮ್ ಶುರು ಮಾಡಿದೆ. ಪ್ರತಿಯೊಬ್ಬರ ಹೆಸರಿನ ಕೆಳಗೂ ಅವರ ಗುಂಪು ಕಾಣುತ್ತಿತ್ತು: ಡಯಾಲಿಸಿಸ್‌ನವರು, ಕಸಿ ಆದವರು, ನೋಡಿಕೊಳ್ಳುವವರು. ಹಂಚಿದವನು ನಾನೇ.

ಒಂದು ದಿನ ಗುಬ್ಬಿಯ ಟೈಲರ್ ರುದ್ರೇಶ ಫೋನ್ ಮಾಡಿದ. ವಾರಕ್ಕೆರಡು ಸಲ ತುಮಕೂರಿಗೆ ಡಯಾಲಿಸಿಸ್‌ಗೆ ಬರುತ್ತಿದ್ದವನು.

"ಸಾರ್, ಅಂಗಡಿಗೆ ಬಂದೋರೆಲ್ಲ ಮೊದ್ಲು ಸೂಜಿ ಚುಚ್ಚಿರೋ ಕೈ ನೋಡ್ತಾರೆ, ಆಮೇಲೆ ಅಳತೆ ಕೊಡ್ತಾರೆ. ನಿಮ್ಮ ಫೋರಮ್ಮಲ್ಲಾದ್ರೂ ಪೇಷೆಂಟ್ ಅನ್ನೋದು ಬುಡಿ."

ಯಾವ ಗುಂಪು ಕಾಣಬೇಕೆಂದು ಸದಸ್ಯರೇ ಆರಿಸಿಕೊಳ್ಳಲಿ ಎಂದು ಸೆಟ್ಟಿಂಗ್ ಬದಲಾಯಿಸಿದೆ. ಸಂಜೆಯೊಳಗೆ ಗೂಳೂರಿನ ಮೇಷ್ಟ್ರೊಬ್ಬರು 'ಕಸಿ ಆದವರು' ಆಗಿಬಿಟ್ಟಿದ್ದರು. ಕಿಡ್ನಿಯೊಂದು ಸಿಕ್ಕಿರಲಿಲ್ಲ, ಅಷ್ಟೇ. ರುದ್ರೇಶ 'ನೋಡಿಕೊಳ್ಳುವವರು' ಆದ.

ಅಲ್ಲಿಂದ ಅವನ ಬರವಣಿಗೆಯ ವರಸೆಯೇ ಬೇರೆ. "ನಮ್ಮನೆ ಪೇಷೆಂಟ್ ಕದ್ದು ಎರಡು ಲೋಟ ಮಜ್ಜಿಗೆ ಕುಡಿದವ್ನೆ, ಕಾಲು ಊದಿದೆ, ಏನ್ ಮಾಡ್ಲಿ?" ಎಂದು ತನ್ನನ್ನೇ ದೂರುವನು. ಫೋರಮ್ಮಿನ ಹೆಂಗಸರು ಅವನಿಗೆ ಸಮಾಧಾನ ಹೇಳುವರು. ಅವನೇ ಪೇಷೆಂಟ್ ಎಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಇದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ನಮ್ಮ ಕಡೆ ಹಾವನ್ನು ಹುಳ ಅನ್ನುತ್ತೇವೆ, ಸಿಡುಬನ್ನು ಅಮ್ಮ ಅನ್ನುತ್ತೇವೆ, ಹೊರಟು ನಿಂತವರು ಬರ್ತೀನಿ ಅನ್ನುತ್ತೇವೆ. ಭಯವಾಗುವುದನ್ನು ಅದರ ಹೆಸರು ಹಿಡಿದು ಕರೆಯದ ಜನ ನಾವು.

ಒಂದು ಬುಧವಾರ ಬೆಳಿಗ್ಗೆ ಬರೆದ: "ನಮ್ಮನೆ ಪೇಷೆಂಟ್ ಮದ್ವೆ ಬಟ್ಟೆ ಹೊಲಿಯೋದಿದೆ ಅಂತ ಎರಡು ಡಯಾಲಿಸಿಸ್ ತಪ್ಸವ್ನೆ. ಮಲಗಿದ್ರೆ ಉಸಿರು ಕಟ್ತದಂತೆ."

ನಾನು ಬರೆದೆ: "ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ಒಪ್ತಿಲ್ಲ ಸಾರ್. ನಾಳೆ ಕರ್ಕೊಂಡು ಹೋಗ್ತೀನಿ."

ಅವನ ನಂಬರ್ ನನ್ನ ಹತ್ತಿರ ಇತ್ತು. ಫೋನ್ ಮಾಡಿದರೆ ಅವನ ಆಟ ಕೆಡಿಸಿದಂತಾಗುತ್ತದೆ, ಬೇಜಾರು ಮಾಡಿಕೊಂಡಾನು ಎಂದು ಸುಮ್ಮನಾದೆ. ಇಷ್ಟು ಹಾಳು ಮರ್ಯಾದೆಯನ್ನು ನಾನು ಎಲ್ಲಿ ಕಲಿತೆನೋ. ಗುರುವಾರ ಅವನು ಹೋಗಿಬಿಟ್ಟ.

ತಿಂಗಳಾದ ಮೇಲೆ ಅವನ ಹೆಂಡತಿ ಶಾರದಾ ಫೋನ್ ಮಾಡಿದರು.

"ನಾನು ತಂಗಿ ಬಾಣಂತನಕ್ಕೆ ಕುಣಿಗಲ್‌ಗೆ ಹೋಗಿದ್ದೆ ಸಾರ್. ಫೋನ್ ಮಾಡ್ದಾಗ ಡಯಾಲಿಸಿಸ್ ಆಯ್ತು ಕಣೇ, ಆರಾಮಾಗಿದೀನಿ ಅಂದ್ರು. ಈಗ ಅವ್ರ ಫೋನಲ್ಲಿ ಅವ್ರು ಬರ್ದಿದ್ದೆಲ್ಲ ಓದ್ದೆ. ಊರೋರಿಗೆಲ್ಲ ಹೇಳವ್ರೆ, ನಂಗೊಬ್ಳಿಗೇ ಹೇಳ್ಲಿಲ್ಲ."

ನಾನು ಬುಧವಾರದ ಸಂಗತಿ ಹೇಳಿ ಕ್ಷಮೆ ಕೇಳಿದೆ. ಆಮೇಲೆ, ಮೂರ್ಖನ ಹಾಗೆ, ನಿಮ್ಮನ್ನೂ 'ನೋಡಿಕೊಳ್ಳುವವರು' ಗುಂಪಿಗೆ ಸೇರಿಸಲೇ ಎಂದೆ.

"ಬ್ಯಾಡ ಸಾರ್. ಆ ಕೆಲ್ಸ ಮಾಡಾಕೆ ಅವ್ರು ನನ್ನ ಬುಡ್ಲೇ ಇಲ್ವಲ್ಲ."

ಸೆಟ್ಟಿಂಗ್ ಈಗಲೂ ಹಾಗೇ ಇದೆ. ಯಾರು ಏನು ಬೇಕಾದರೂ ಆಗಲಿ. ಆದರೆ "ನಮ್ಮನೆ ಪೇಷೆಂಟ್" ಎಂದು ಯಾರೇ ಬರೆದರೂ ಫೋನ್ ಮಾಡಿ, ನೀವು ಹೇಗಿದ್ದೀರಿ ಎಂದು ಕೇಳುತ್ತೇನೆ. ಬಹಳ ಜನ ಬೈಯುತ್ತಾರೆ. ಬೈಯಲಿ, ಬೈಯುವುದಕ್ಕೆ ಅವರು ಇದ್ದಾರಲ್ಲ.